ಫ್ಯಾನ್ ನಿಲ್ಲಿಸಿ ಕೇಳುತ್ತಿದ್ದವರು

ಮೇಡಂ ತೀರಿಕೊಂಡ ಸುದ್ದಿ ನಮ್ಮ ಬಿ.ಎ. ಗೆಳೆಯರ ವಾಟ್ಸಾಪ್ ಗುಂಪಿಗೆ ಬಂದ ಹೊತ್ತಿಗೆ, ಪತ್ರಿಕೆಗೆ ನಾಲ್ಕು ಸಾಲು ಕೊಡಬೇಕೆಂದು ಒಬ್ಬ ಆಗಲೇ ಬರೆದು ಹಾಕಿದ್ದ. ಹೆಸರಿನ ಕೆಳಗೆ "ನಿವೃತ್ತ ಉಪನ್ಯಾಸಕಿ" ಎಂದಿತ್ತು. ನಫೀಸಾ ಅದನ್ನು ಅಲ್ಲೇ ತಡೆದಳು.

"ನಿವೃತ್ತಿ ಆಗ್ಲಿಕ್ಕೆ ಮೊದಲು ನೇಮಕ ಆಗ್ಬೇಕಲ್ಲ ಮಾರಾಯ? ಮೇಡಂಗೆ ನೇಮಕ ಆದದ್ದು ಯಾವಾಗ?"

ಅವಳ ಮಾತು ಸರಿ. ಮೇಡಂ ಕೊನೆಯವರೆಗೂ ಅತಿಥಿ ಉಪನ್ಯಾಸಕಿ. ಮೂರು ದಿನ ಉಳಿದ ಅತಿಥಿಯ ಕೈಗೆ ನನ್ನ ಅಜ್ಜಿ ತೆಂಗಿನಕಾಯಿ ತುರಿಯಲು ಕೊಡುತ್ತಿದ್ದರು. ಮೇಡಂ ನಮ್ಮ ಮನಃಶಾಸ್ತ್ರ ವಿಭಾಗದಲ್ಲಿ ತಲೆ ನರೆಯುವವರೆಗೂ ಅತಿಥಿಯಾಗಿಯೇ ಇದ್ದರು. ಪ್ರತಿ ಮಳೆಗಾಲ ವಿಭಾಗದಿಂದ ಅತಿಥಿ ಉಪನ್ಯಾಸಕರ ಪಟ್ಟಿ ಹೋಗುತ್ತಿತ್ತು, ಅದರಲ್ಲಿ ಹೆಸರಿದ್ದರೆ ಇನ್ನೊಂದು ವರ್ಷ. ಒಂದು ಮಳೆಗಾಲ ಹೆಸರು ಇರಲಿಲ್ಲ, ಅಲ್ಲಿಗೆ ಮುಗಿಯಿತು. ಶಾಲು, ಹಾರ, ಹಣ್ಣಿನ ಬುಟ್ಟಿ, ಭಾಷಣ ಯಾವುದೂ ಆಗಲಿಲ್ಲ. ಅವರಿಗೆ ಅದೆಲ್ಲ ಬೇಡವಾಗಿತ್ತು ಎಂದು ಈಗ ಹೇಳುವುದು ಸುಲಭ. ಬೇಕಿತ್ತೆಂದೇ ನನ್ನ ಅನಿಸಿಕೆ. ಕೇಳಿದ್ದರೆ ಹೇಳುತ್ತಿರಲಿಲ್ಲ, ಅಷ್ಟೆ.

ಅವರ ಮನೆ ಕುಲಶೇಖರದಲ್ಲಿ, ಮನೆಮಾತು ಕೊಂಕಣಿ. ಹಂಪನಕಟ್ಟೆಯವರೆಗೆ ಸಿಟಿ ಬಸ್ಸು, ಅಲ್ಲಿಂದ ಕಾಲೇಜಿಗೆ ನಡಿಗೆ. ಹೆಸರು ನೆನಪಿಡುವ ವಿಷಯದಲ್ಲಿ ಅವರು ಪೂರ್ತಿ ಸೋತವರು. ಹುಡುಗರೆಲ್ಲ ಅವರಿಗೆ "ಪುತಾ", ಹುಡುಗಿಯರೆಲ್ಲ "ಬಾಯೆ". ಉತ್ತರಪತ್ರಿಕೆ ತಿದ್ದಿ ಕೊಡುವಷ್ಟರಲ್ಲಿ ನಾವು ಬರೆದದ್ದು ಎಂತ ಎಂದು ನಮಗೇ ಮರೆತಿರುತ್ತಿತ್ತು. ಹೊಗಳುವ ಅಭ್ಯಾಸ ಇರಲಿಲ್ಲ. ತುಂಬ ಚೆನ್ನಾಗಿ ಬರೆದರೆ "ಆಗಬಹುದು" ಎನ್ನುತ್ತಿದ್ದರು. ಆ "ಆಗಬಹುದು" ಸಿಕ್ಕಿದ ದಿನ ನಾವು ಕ್ಯಾಂಟೀನಿನಲ್ಲಿ ಗೋಳಿಬಜೆ ಹಂಚಿದ್ದುಂಟು.

ನಮ್ಮ ಊರಿನಲ್ಲಿ ಮನಃಶಾಸ್ತ್ರ ಕಲಿಯುತ್ತೇನೆ ಎಂದು ಹೇಳಿದರೆ ಜನ ಕೇಳುವ ಮೊದಲ ಪ್ರಶ್ನೆ ಒಂದೇ. ಮೇಡಂ ಬರುವ ಬಸ್ಸಿನ ಕಂಡಕ್ಟರನೂ ಒಮ್ಮೆ ಕೇಳಿದ. ನಾನು ಹಿಂದಿನ ಸೀಟಿನಲ್ಲಿದ್ದೆ.

"ಮೇಡಂ, ನನ್ನ ಮನಸ್ಸಲ್ಲಿ ಈಗ ಎಂತ ಉಂಟು ಹೇಳಿ ನೋಡುವ?"

"ನನ್ನ ಚಿಲ್ಲರೆ ಕೊಡದೆ ಮುಂದೆ ಹೋಗುದು ಹೇಗೆ ಅಂತ ಉಂಟು," ಎಂದರು ಮೇಡಂ, ಕಿಟಕಿಯಿಂದ ಮುಖ ತಿರುಗಿಸದೆ. ಅರ್ಧ ಬಸ್ಸು ನಕ್ಕಿತು. ಅವನು ನಾಲಿಗೆ ಕಚ್ಚಿಕೊಂಡು ಚಿಲ್ಲರೆ ಕೊಟ್ಟ.

ನನ್ನ ಅಮ್ಮನ ಪ್ರಶ್ನೆ ಬೇರೆಯೇ ಇತ್ತು. "ಇದನ್ನು ಓದಿ ಮುಗಿಸುವಾಗ ನಿನಗೇ ಎಂತಾದ್ರೂ ಆಗ್ತದಾ ಹೇಗೆ?" ಎಂದು ಕೇಳಿದ್ದರು. ನಮ್ಮ ಮನೆಯ ಮಾತೆಲ್ಲ ತುಳು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಮನಃಶಾಸ್ತ್ರದ ಲ್ಯಾಬಿನಲ್ಲಿ ಎಲ್ಲ ಪ್ರಯೋಗವೂ ಇಬ್ಬಿಬ್ಬರು ಸೇರಿ ಮಾಡುವಂಥದು. ಒಬ್ಬರು ಪ್ರಯೋಗ ಮಾಡುವವರು, ಇನ್ನೊಬ್ಬರು ಪ್ರಯೋಗಕ್ಕೆ ಕೂರುವವರು. ಕೂತವರಿಗೆ "ಸಬ್ಜೆಕ್ಟ್" ಎಂದು ಹೆಸರು. ಬೇರೆಯವರು ಪಾಠ ಮಾಡುವಾಗ ಮೊದಲು ಮಾಡುವುದನ್ನು ಕಲಿಸುತ್ತಾರೆ. ಮೇಡಂ ವಾರಗಟ್ಟಲೆ ನಮ್ಮನ್ನು ಬರೀ ಕೂರಿಸಿದರು. ಅದರಲ್ಲಿ ಒಂದು ಪ್ರಯೋಗ, ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಗೆರೆಯ ಮೇಲೆ ಪೆನ್ಸಿಲ್ ಎಳೆಯುವುದು. ಕೈ ಕಾಣುವುದಿಲ್ಲ, ಕನ್ನಡಿಯಲ್ಲಿ ಕಾಣುವುದೆಲ್ಲ ತಲೆಕೆಳಗು. ಎಂಥ ಜಾಣನ ಪೆನ್ಸಿಲೂ ಗೆರೆ ಬಿಟ್ಟು ಹೊರಗೆ ಓಡುತ್ತದೆ.

ಒಮ್ಮೆ ವಿಭಾಗದ ಮುಖ್ಯಸ್ಥರು ಲ್ಯಾಬಿಗೆ ಬಂದವರು, ನಮ್ಮ ಪರದಾಟ ನೋಡಿ, "ಎಂತ, ಇಷ್ಟಕ್ಕೇ?" ಎಂದು ತಾವೇ ಕೂತರು. ಒಳ್ಳೆಯವರು, ಸ್ವಲ್ಪ ಗಾಬರಿಯ ಜನ. ಎರಡು ಮೂಲೆ ದಾಟುವಷ್ಟರಲ್ಲಿ ಅವರ ಹಣೆಯಲ್ಲಿ ಬೆವರು. ಕೊನೆಗೆ ಪೆನ್ಸಿಲ್ ಇಟ್ಟು, "ಈ ಕನ್ನಡಿಯೇ ಸರಿ ಇಲ್ಲ," ಎಂದರು.

"ಕನ್ನಡಿ ಸರಿ ಉಂಟು ಸರ್. ಎಲ್ಲರಿಗೂ ಹಾಗೇ ಆಗ್ತದೆ," ಎಂದರು ಮೇಡಂ. ಅವರು ಹೋದ ಮೇಲೆ ನಮ್ಮ ಕಡೆ ತಿರುಗಿ, "ನೋಡಿದ್ರಲ್ಲ? ಮಾಡುವವನಿಗೆ ಇದು ಅಂಕದ ಪ್ರಯೋಗ. ಕೂತವನಿಗೆ ಮರ್ಯಾದೆ ಪ್ರಶ್ನೆ. ಇಷ್ಟು ಗೊತ್ತಾಗದೆ ಯಾರನ್ನೂ ಆ ಕುರ್ಚಿಯಲ್ಲಿ ಕೂರಿಸಬೇಡಿ," ಎಂದರು.

ಲ್ಯಾಬಿನ ಮೂಲೆಯಲ್ಲಿ ಪ್ಲೈವುಡ್ ಅಡ್ಡ ಮಾಡಿ ಅವರಿಗೊಂದು ಜಾಗ. ಅಲ್ಲಿ ಒಂದು ಮೇಜು, ಎರಡು ಕುರ್ಚಿ, ಕಟಕಟ ಶಬ್ದ ಮಾಡುವ ಹಳೆಯ ಫ್ಯಾನು. ವಿದ್ಯಾರ್ಥಿಗಳು ಯಾರಾದರೂ ಏನಾದರೂ ಹೇಳಿಕೊಳ್ಳಲು ಹೋದರೆ ಮೇಡಂ ಮಾಡುತ್ತಿದ್ದ ಮೊದಲ ಕೆಲಸ ಫ್ಯಾನ್ ನಿಲ್ಲಿಸುವುದು. ಆ ಶಬ್ದದ ಮೇಲೆ ಮಾತಾಡಬೇಕೆಂದರೆ ಸ್ವರ ಏರಿಸಬೇಕು, ಸ್ವರ ಏರಿಸಿ ಹೇಳುವ ಮಾತುಗಳಲ್ಲ ಅವು. ಮಂಗಳೂರಿನ ಸೆಕೆಯಲ್ಲಿ ಇಬ್ಬರೂ ಬೆವರುತ್ತ ಕೂರುತ್ತಿದ್ದರು. ಹೊರಗೆ ನಮ್ಮಲ್ಲಿ ಒಂದು ಕಟ್ಟಳೆಯೇ ಆಗಿಹೋಗಿತ್ತು: ಫ್ಯಾನ್ ನಿಂತಿದ್ದರೆ ಒಳಗೆ ಹೋಗುವ ಹಾಗಿಲ್ಲ. ಜವಾನ ಕೂಡ ಅಂಚೆಯನ್ನು ಹೊರಗೇ ಇಟ್ಟು ಹೋಗುತ್ತಿದ್ದ. ಒಳಗೆ ಹೇಳಿದ್ದು ಅಲ್ಲಿಗೇ ಮುಗಿಯಿತು. ಇವತ್ತು ಒಳಗೆ ಕೂತು ಅತ್ತ ಹುಡುಗಿಯನ್ನೇ ಮರುದಿನ ಮೇಡಂ ತರಗತಿಯಲ್ಲಿ ಎಬ್ಬಿಸಿ, ಓದಿ ಬರಲಿಲ್ಲವೆಂದು ಎಲ್ಲರಂತೆಯೇ ಬೈಯುತ್ತಿದ್ದರು.

ಇನ್ನು ಅಣ್ಣನ ವಿಷಯಕ್ಕೆ ಬರುತ್ತೇನೆ. ಇಷ್ಟನ್ನು ಬರೆಯಬಹುದೆಂದು ಅವನೇ ಹೇಳಿದ್ದಾನೆ.

ನಮ್ಮದು ಕಡಲಿನ ಕೆಲಸದ ಮನೆ. ಅಪ್ಪ ಬೇಗ ಹೋದ ಮೇಲೆ ಸೋದರಮಾವನೇ ಎಲ್ಲದಕ್ಕೂ ಯಜಮಾನ. ಅಣ್ಣ ಮಾವನ ಬೋಟಿನಲ್ಲಿ ಹೋಗುತ್ತಿದ್ದ, ಅಮ್ಮ ಮಾವನ ಬೋಟಿನ ಮೀನನ್ನೇ ಮಾರುಕಟ್ಟೆಯಲ್ಲಿ ಮಾರುತ್ತಿದ್ದರು. ನನ್ನನ್ನು ಕಾಲೇಜಿಗೆ ಕಳುಹಿಸಬೇಕೆಂದು ಅಮ್ಮನ ಹತ್ತಿರ ಹಟ ಹಿಡಿದದ್ದೂ ಮಾವನೇ. ನಾನು ಕೊನೆಯ ವರ್ಷದಲ್ಲಿದ್ದಾಗ, ಮಳೆಗಾಲಕ್ಕೆ ಮೀನುಗಾರಿಕೆ ನಿಂತು ಬೋಟುಗಳು ಬಂದರಿನ ದಕ್ಕೆ ಸೇರುವ ಮೊದಲೇ, ಅಣ್ಣ ಹೋಗುವುದನ್ನು ನಿಲ್ಲಿಸಿದ. ಮೊದಲು ಹೊಟ್ಟೆನೋವು ಎಂದ, ಆಮೇಲೆ ಬೆನ್ನುನೋವು. ಕೊನೆಗೆ ನೋವುಗಳ ಹೆಸರೂ ಮುಗಿದು ಸುಮ್ಮನೆ ಕೂತ.

ಕಡಲಿಗೆ ಹೆದರಿದ್ದಾನೆ ಎಂದರು ಮನೆಯವರು. ನಮ್ಮವರಲ್ಲಿ ಅದಕ್ಕಿಂತ ಕೆಟ್ಟ ಮಾತು ಇನ್ನೊಂದಿಲ್ಲ. ನೆರೆಮನೆಯವರು ಬಾವಿಕಟ್ಟೆಯಲ್ಲಿ, "ಸ್ನಾನಕ್ಕಾದ್ರೂ ನೀರು ಮುಟ್ಟುತ್ತೀಯಾ, ಅಥವಾ ಅದಕ್ಕೂ ಜನ ಮಾಡ್ಬೇಕಾ?" ಎಂದು ಕೇಳುತ್ತಿದ್ದರು. ಅವನು ನಗುತ್ತಿದ್ದ. ಮಾವ ಮಾತ್ರ ನಗಲಿಲ್ಲ. ಒಂದು ದಿನ ಅಂಗಳದಲ್ಲಿ ನಿಂತು ಅಮ್ಮನಿಗೆ ಹೇಳಿದರು:

"ನೋಡು ತಂಗಿ, ಬೋಟು ಕಡಲಿಗೆ ಇಳಿಯುವ ದಿನ ಇವ ಬಂದ್ರೆ ಬಂದ. ಇಲ್ಲದಿದ್ರೆ ನಾನು ಬೇರೆ ಜನ ಮಾಡ್ತೇನೆ. ಮತ್ತೆ ಇವ ನನ್ನ ಬೋಟಿಗೆ ಕಾಲಿಡುದು ಬೇಡ."

ಅಂದರೆ ಮಳೆಗಾಲದ ಎರಡು ತಿಂಗಳ ವಾಯಿದೆ. ಅಮ್ಮ ಮಾವನ ಹತ್ತಿರವೂ ಅತ್ತರು, ಅಣ್ಣನ ಹತ್ತಿರವೂ ಅತ್ತರು.

ಆಗಷ್ಟೇ ನಮಗೆ ಮನೋರೋಗಗಳ ಪಾಠ ನಡೆಯುತ್ತಿತ್ತು. ಆ ಪಾಠ ಓದಿದವರಿಗೆಲ್ಲ ಅದರಲ್ಲಿರುವ ರೋಗಗಳೆಲ್ಲ ತಮಗೇ ಇವೆ ಅನಿಸುತ್ತದೆ. ನಫೀಸಾಳಿಗೆ ಮಧ್ಯಾಹ್ನದ ಊಟದ ಹೊತ್ತಿಗೆ ಮೂರು ರೋಗ ಹಿಡಿದಿದ್ದವು. ಅವಳದು ಹಂಪನಕಟ್ಟೆಯಲ್ಲಿ ಬಟ್ಟೆ ಅಂಗಡಿಯ ಮನೆ, ಇಬ್ಬರು ಅಣ್ಣಂದಿರು ಗಲ್ಫಿನಲ್ಲಿ. ವ್ಯಾಪಾರದ ಮನೆಯ ಹುಡುಗಿಯಾದ್ದರಿಂದ ಯಾವುದಕ್ಕೂ ತಡ ಮಾಡುವವಳಲ್ಲ. ಅಣ್ಣನ ಸುದ್ದಿ ಕೇಳಿದ್ದೇ, "ಇದು ಫೋಬಿಯಾ. ಚಿಕಿತ್ಸೆ ಪುಸ್ತಕದಲ್ಲೇ ಉಂಟಲ್ಲ ಮಾರಾಯ್ತಿ. ಮೆಟ್ಟಿಲು ಮೆಟ್ಟಿಲಾಗಿ ಹೆದರಿಕೆ ಬಿಡಿಸುದು. ನಾವೇ ಮಾಡುವ," ಎಂದಳು.

ಮೊದಲ ಮೆಟ್ಟಿಲು ದೂರದಿಂದ ಕಡಲು ನೋಡುವುದು. ಎರಡನೆಯದು ಮರಳಿನಲ್ಲಿ ನಿಲ್ಲುವುದು. ಅಣ್ಣ ತಕರಾರಿಲ್ಲದೆ ಬಂದ. ಮಳೆ ಬಿಟ್ಟ ಒಂದು ಸಂಜೆ ನಮಗೆ ಚರುಮುರಿ ಕೊಡಿಸಿದ. ನಾವು ಅವನ ಉಸಿರಾಟ ಗಮನಿಸುತ್ತ ಕೂತಿದ್ದೆವು. "ಹೆದರಿಕೆ ಆಗ್ತದಾ? ಹತ್ತರಲ್ಲಿ ಎಷ್ಟು?" ಎಂದು ನಫೀಸಾ ಗಂಭೀರವಾಗಿ ಕೇಳಿದಳು. ಅವನು ಲುಂಗಿ ಎತ್ತಿ ಕಟ್ಟಿ, ಮೊಣಕಾಲುದ್ದ ನೀರಿಗೆ ಇಳಿದು, ಒಂದು ತೆರೆಗೆ ಬೆನ್ನು ಕೊಟ್ಟು ನಿಂತು ಕೂಗಿದ:

"ಡಾಕ್ಟ್ರೇ, ನಾನು ಗುಣ ಆದ್ನಾ? ಮನೆಗೆ ಹೋಗಬಹುದಾ?"

ನಮಗೆ ಹೆಮ್ಮೆಯೋ ಹೆಮ್ಮೆ. ಮರುದಿನ ಮೇಡಂಗೆ ವರದಿ ಒಪ್ಪಿಸಿದೆವು. ಅವರು ನಗಲಿಲ್ಲ. ಸೀಮೆಸುಣ್ಣದ ಕೈಯನ್ನು ಸೆರಗಿಗೆ ಒರೆಸಿಕೊಂಡು ಕೇಳಿದರು:

"ನೀರಿಗೆ ಇಳಿದಾಗ ಅವನ ಮುಖ ಹೇಗಿತ್ತು ಬಾಯೆ?"

"ನಗ್ತಾ ಇದ್ದ ಮೇಡಂ."

"ಮತ್ತೆ ಹೆದರಿಕೆ ಅಂತ ಯಾರು ಹೇಳಿದ್ದು?"

"ಮನೆಯವರೆಲ್ಲ."

"ಅವ?"

ಪುಸ್ತಕದಲ್ಲಿದ್ದ ಮೆಟ್ಟಿಲುಗಳನ್ನೆಲ್ಲ ಹತ್ತಿಸಿದ್ದೆವು, ಅವನನ್ನು ಮಾತ್ರ ಏನೂ ಕೇಳಿರಲಿಲ್ಲ.

"ಮನಸ್ಸುಂಟಾದ್ರೆ ಒಮ್ಮೆ ಬರ್ಲಿಕ್ಕೆ ಹೇಳು," ಎಂದರು ಮೇಡಂ. "ಮನಸ್ಸಿಲ್ಲದಿದ್ರೆ ಬೇಡ. ಎಳ್ಕೊಂಡು ಬರಬೇಡ."

ಅಣ್ಣ ಬಂದ. ಅವನಿಗೆ ಕಾಲೇಜಿನ ಮೆಟ್ಟಿಲು ಹತ್ತುವುದು ಕಡಲಿಗಿಂತ ಕಷ್ಟವಾಗಿತ್ತು ಎಂದು ಕಾಣುತ್ತದೆ, ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಅವನು ಒಳಗೆ ಹೋದ, ಫ್ಯಾನ್ ನಿಂತಿತು. ಮಧ್ಯಾಹ್ನದ ಎರಡು ತರಗತಿಗಳು ಮುಗಿದರೂ ಅದು ಮತ್ತೆ ತಿರುಗಲಿಲ್ಲ. ಹೊರಗೆ ಬಂದಾಗ ಅಣ್ಣನ ಅಂಗಿ ಮೈಗೆ ಅಂಟಿತ್ತು, ಕಣ್ಣು ಕೆಂಪಾಗಿತ್ತು. ನನ್ನ ಹತ್ತಿರ, "ಬಸ್ಸುಂಟಾ ಈಗ?" ಎಂದಷ್ಟೇ ಕೇಳಿದ.

ಆ ಸಂಜೆ ಊಟಕ್ಕೆ ಕೂತಾಗ ಅವನು ಅಮ್ಮನಿಗೆ ಹೇಳಿದ. "ನಾನು ಮಾವನ ಬೋಟಿಗೆ ಇನ್ನು ಹೋಗುದಿಲ್ಲ. ಹೆದರಿಕೆ ಅಲ್ಲ. ಹೋಗುದಿಲ್ಲ." ಯಾಕೆ ಎಂದರೆ ಮಾತಿಲ್ಲ. ಇದನ್ನು ಯಾರು ತಲೆಗೆ ತುಂಬಿದ್ದು ಎಂದು ಅಮ್ಮ ಗದರಿದಾಗ, "ಯಾರೂ ತುಂಬಲಿಲ್ಲ. ಇವಳ ಮೇಡಂ ಹತ್ರ ಮಾತಾಡಿದೆ," ಎಂದ.

ಮರುದಿನ ಅಮ್ಮ ಮಾರುಕಟ್ಟೆಯಿಂದ ನೇರ ವಿಭಾಗಕ್ಕೆ ಬಂದರು. ಒಣಮೀನಿನ ಬುಟ್ಟಿಯನ್ನು ಗೇಟಿನ ವಾಚ್‌ಮ್ಯಾನ್ ಹತ್ತಿರ ಬಿಟ್ಟು, ನಲ್ಲಿಯಲ್ಲಿ ಕೈಕಾಲು ತೊಳೆದು, ಮುಖ್ಯಸ್ಥರ ಕೋಣೆಗೇ ಹೋದರು. ಮುಖ್ಯಸ್ಥರು ಮೇಡಂಗೂ ನನಗೂ ಹೇಳಿ ಕಳುಹಿಸಿದರು.

"ನನ್ನ ಮಗ ನಿಮ್ಮ ಹತ್ರ ಎಂತ ಹೇಳಿದ?" ಎಂದು ಅಮ್ಮ ಕೇಳಿದರು. ಬೈಯಲಿಕ್ಕೆ ಬಂದ ಸ್ವರವಲ್ಲ ಅದು. ಮಗ ತನಗೆ ಹೇಳದ್ದನ್ನು ಹೊರಗಿನವರಿಗೆ ಹೇಳಿದ ಎಂಬುದು ಅವರಿಗೆ ನುಂಗಲಾಗಿರಲಿಲ್ಲ.

"ಅದನ್ನು ನಾನು ಹೇಳ್ಲಿಕ್ಕೆ ಆಗುದಿಲ್ಲ ಅಕ್ಕ," ಎಂದರು ಮೇಡಂ.

"ಹೆತ್ತವಳು ನಾನು. ನನಗೆ ಗೊತ್ತಾಗದ್ದು ನಿಮಗೆ ಎಂತಕ್ಕೆ?"

"ನಿಮಗೆ ಗೊತ್ತಾಗ್ಲೇಬೇಕು. ಆದ್ರೆ ಅವನ ಬಾಯಿಂದ."

"ಅವ ಬಾಯಿ ಬಿಡುದಿಲ್ಲ! ಬೋಟು ಇಳಿಯಲಿಕ್ಕೆ ಇನ್ನೆಷ್ಟು ದಿನ ಉಂಟು ಗೊತ್ತುಂಟಾ ನಿಮಗೆ?"

ಮುಖ್ಯಸ್ಥರು ನಡುವೆ ಬಂದರು. "ಮೇಡಂ, ಒಂದು ಮಾತು ಹೇಳಿಬಿಡಿ, ಮುಗೀಲಿ. ತಾಯಿ ಅಲ್ವಾ? ಇದು ಮೇಲಿನವರೆಗೆ ಹೋದ್ರೆ ಕಷ್ಟ. ನಿಮ್ಮ ಪಟ್ಟಿ ಬೇರೆ ಈ ವಾರ ಕಳಿಸ್ಲಿಕ್ಕುಂಟು." ಅವರು ಬೆದರಿಸಿದ್ದಲ್ಲ. ಇದ್ದದ್ದನ್ನು ಹೇಳಿದರು. ಅವರ ಕೈ ಮೇಜಿನ ಗಾಜಿನ ಮೇಲೆ ಸುಮ್ಮನೆ ಆಚೀಚೆ ಹೋಗುತ್ತಿತ್ತು.

ಮೇಡಂ ಅವರ ಕಡೆಗೇ ತಿರುಗಿದರು. "ಪಟ್ಟಿ ಕಳಿಸಿ ಸರ್. ನನ್ನ ಹೆಸರು ಬರೀಬೇಕಾ ಬೇಡ್ವಾ ನೀವು ನೋಡಿ. ಆ ಹುಡುಗ ನನ್ನ ಹತ್ರ ಇಟ್ಟು ಹೋದದ್ದನ್ನು ನಾನು ಇನ್ನೊಬ್ಬರಿಗೆ ಕೊಡುದಿಲ್ಲ."

"ಹಾಗಾದ್ರೆ ನನ್ನ ಮಗಳು ನಾಳೆಯಿಂದ ಇಲ್ಲಿಗೆ ಬರುದಿಲ್ಲ," ಎಂದರು ಅಮ್ಮ.

ಆಗ ಮೇಡಂ ನನ್ನ ಕಡೆ ನೋಡಿದರು. ನನ್ನ ಹೆಸರು ಅವರಿಗೆ ಆಗಲೂ ನೆನಪಿರಲಿಲ್ಲ ಎಂದು ಕಾಣುತ್ತದೆ. ಆದರೆ ನನ್ನ ಓದು ಅವರಿಗೆ ಗೊತ್ತಿತ್ತು. ಹೇಳುತ್ತಾರೆ ಎಂದುಕೊಂಡೆ. ಅವರು ತಲೆ ತಗ್ಗಿಸಿದರು, ಹೇಳಲಿಲ್ಲ. ಅಮ್ಮ ನನ್ನ ಕೈಹಿಡಿದು ಹೊರಟರು. ಬಸ್ಸಿನಲ್ಲಿ ಮನೆ ಮುಟ್ಟುವವರೆಗೆ ನನಗೆ ಅಣ್ಣನ ಮೇಲಾಗಲೀ ಮಾವನ ಮೇಲಾಗಲೀ ಸಿಟ್ಟು ಬರಲಿಲ್ಲ, ಮೇಡಂ ಮೇಲೆ ಬಂತು. ಎರಡು ವಾಕ್ಯ ಹೇಳಿದ್ದರೆ ಅವರ ಕೆಲಸವೂ ಉಳಿಯುತ್ತಿತ್ತು, ನನ್ನ ಡಿಗ್ರಿಯೂ ಉಳಿಯುತ್ತಿತ್ತು.

ನಾನು ಪುಸ್ತಕಗಳನ್ನು ಕಪಾಟಿನ ಮೇಲೆ ಎಸೆದ ಶಬ್ದಕ್ಕೆ ಅಣ್ಣ ಒಳಗೆ ಬಂದ. ಆದದ್ದನ್ನು ಹೇಳಿದೆ. ಅವನು ಒಂದೇ ಪ್ರಶ್ನೆ ಕೇಳಿದ.

"ಅಷ್ಟು ಕೇಳಿದ್ರೂ ಹೇಳ್ಲಿಲ್ವಾ ಅವರು?"

"ಇಲ್ಲ."

ಮರುದಿನ ಬೆಳಿಗ್ಗೆ ಅವನು ಅಮ್ಮನನ್ನೂ ನನ್ನನ್ನೂ ಕರೆದುಕೊಂಡು ಮತ್ತೆ ವಿಭಾಗಕ್ಕೆ ಬಂದ. ಮನೆಯಲ್ಲಿ ಹೇಳುವಂತಿರಲಿಲ್ಲ, ಮಾವನ ಮನೆಗೂ ನಮ್ಮ ಮನೆಗೂ ನಡುವೆ ಇದ್ದದ್ದು ಒಂದು ಗೋಡೆ ಮಾತ್ರ. ಪ್ಲೈವುಡ್ಡಿನ ಆ ಕೋಣೆಯಲ್ಲಿ ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿದ. ಮೇಡಂ ಎದ್ದು ಹೊರಗೆ ಹೊರಟರೆ, "ನೀವೂ ಇರಿ ಮೇಡಂ," ಎಂದ. ಫ್ಯಾನನ್ನು ಅವನೇ ನಿಲ್ಲಿಸಿದ.

ಹೇಳಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಬೋಟಿನಲ್ಲಿ ಬಲೆ ಎಳೆಯುವಾಗ ಒಡಿಶಾದ ಒಬ್ಬ ಕೆಲಸಗಾರನ ಕೈ ಹಗ್ಗ ಸುತ್ತುವ ಯಂತ್ರಕ್ಕೆ ಸಿಕ್ಕಿತ್ತು. ಮನೆಯಲ್ಲಿ ನಾವು ಕೇಳಿದ ಸುದ್ದಿ, ಚಿಕ್ಕ ಗಾಯ, ಅವನೇ ಊರಿಗೆ ಹೋದ ಎಂದು. ಅಣ್ಣ ಹೇಳಿದ್ದು ಬೇರೆ. ಕೈ ನಜ್ಜುಗುಜ್ಜಾಗಿತ್ತು. ಆ ಮನುಷ್ಯ ಡೆಕ್ಕಿನ ಮೇಲೆ ಬಿದ್ದು ಕೂಗುತ್ತಿದ್ದ. ಬಲೆ ತುಂಬ ಬಂಗುಡೆ ಇತ್ತು. ಮಾವ ಬಲೆಯನ್ನು ಪೂರ್ತಿ ಎಳೆಸಿ, ಮೀನು ತುಂಬಿಸಿ, ಆಮೇಲೆಯೇ ಬೋಟನ್ನು ದಕ್ಕೆಗೆ ತಿರುಗಿಸಿದರು.

"ಮಾವ ಒಳ್ಳೆಯವರಲ್ಲ ಅಂತ ನಾನು ಹೇಳುದಿಲ್ಲ," ಎಂದ ಅಣ್ಣ. "ಆದ್ರೆ ಅವರ ಮಾತು ಕೇಳಿ ಇನ್ನು ನನ್ನಿಂದ ಬಲೆ ಎಳೀಲಿಕ್ಕೆ ಆಗುದಿಲ್ಲ. ನಿನಗೆ ಹೇಳಿದ್ರೆ ನಿನಗೂ ಅವರಿಗೂ ಮಾತು ನಿಲ್ತದೆ ಅಂತ ಹೇಳ್ಲಿಲ್ಲ. ನಾನು ಹೆದರಿದ್ದೇನೆ ಅಂತ ಜನ ಹೇಳಿದ್ರೆ ಹೇಳ್ಲಿ ಅಂತ ಬಿಟ್ಟೆ."

ಅಮ್ಮ ಸೀರೆಯ ಅಂಚನ್ನು ಬೆರಳಿಗೆ ಸುತ್ತಿಕೊಂಡರು. ಆಮೇಲೆ, "ಆ ದಿನದ ಬಂಗುಡೆ ನಾನೇ ಮಾರಿದ್ದು," ಎಂದರು. ಸುತ್ತಿದ ಅಂಚನ್ನು ಬಿಡಿಸಿ, "ಆ ಮನುಷ್ಯ ಈಗ ಎಲ್ಲಿದ್ದಾನೆ? ಅವನಿಗೆ ಮನೆಯಲ್ಲಿ ಯಾರು ಇದ್ದಾರೆ?" ಎಂದು ಕೇಳಿದರು. ಅಣ್ಣನಿಗೆ ಊರಿನ ಹೆಸರು ಮಾತ್ರ ಗೊತ್ತಿತ್ತು.

ಏಳುವಾಗ ಅಮ್ಮ ಮೇಡಂ ಕಡೆ ತಿರುಗಿದರು. "ನೀವು ಗಟ್ಟಿ ಹೆಂಗಸು," ಎಂದರು. ಅದು ಹೊಗಳಿಕೆಯೋ ದೂರೋ ನನಗೆ ಈಗಲೂ ತಿಳಿಯದು. ಮೇಡಂ, "ಕೂತ್ಕೊಳ್ಳಿ ಅಕ್ಕ, ಚಾ ತರಿಸ್ತೇನೆ," ಎಂದರು. ಅಮ್ಮ ಕೂತರು, ಚಾ ಕುಡಿದರು, ಅಲ್ಲಿಂದ ಎದ್ದು ದಕ್ಕೆಗೆ ಹೋದರು. ಮಾವನಿಗೂ ಅಮ್ಮನಿಗೂ ನಡುವೆ ಅಲ್ಲಿ ಎಂತ ಮಾತಾಯಿತೋ ಗೊತ್ತಿಲ್ಲ. ಬೋಟು ಕಡಲಿಗಿಳಿದ ದಿನ ಅಣ್ಣ ಅದರಲ್ಲಿರಲಿಲ್ಲ. ಅವನ ಬಗ್ಗೆ ಹೆದರಿಕೆಯ ಮಾತೆತ್ತಿದವರಿಗೆ ಅಮ್ಮನ ಬಾಯಿಯಿಂದ ಸರಿಯಾಗಿ ಬಿತ್ತು. ಅಮ್ಮ ಬೇರೆ ಬೋಟಿನ ಮೀನು ತೆಗೆದುಕೊಳ್ಳಲು ಶುರು ಮಾಡಿದರು. ಮಾವನ ಮಕ್ಕಳ ಮದುವೆಗೆ ಹೋಗಿ ಎಲ್ಲರಂತೆ ಬಡಿಸಿದರು, ಮಾವ ಹೋದಾಗ ಅತ್ತರು, ಆದರೆ ಆ ಬೋಟಿನ ಮೀನು ಮತ್ತೆ ನಮ್ಮ ಬುಟ್ಟಿಗೆ ಬರಲಿಲ್ಲ. ಅಣ್ಣ ಬೈಕಂಪಾಡಿಯ ಒಂದು ವರ್ಕ್‌ಶಾಪಿನಲ್ಲಿ ಬೋಟಿನ ಎಂಜಿನ್ ರಿಪೇರಿಗೆ ಸೇರಿದ, ಈಗ ಅಲ್ಲಿ ಅವನೇ ದೊಡ್ಡ ಮೇಸ್ತ್ರಿ. ಮುಖ್ಯಸ್ಥರು ಪಟ್ಟಿಯಲ್ಲಿ ಮೇಡಂ ಹೆಸರು ಬರೆದು ಕಳುಹಿಸಿದರು. ನಾನು ಓದು ಮುಗಿಸಿದೆ. ಈಗ ಒಂದು ಶಾಲೆಯಲ್ಲಿ ಮಕ್ಕಳ ಆಪ್ತಸಲಹೆಗಾರ್ತಿ.

ಕುಲಶೇಖರದ ಚರ್ಚಿನಲ್ಲಿ ಮೇಡಂ ಅಂತ್ಯಕ್ರಿಯೆಗೆ ಅಣ್ಣ ರಜೆ ಹಾಕಿ ಬಂದಿದ್ದ. ನಫೀಸಾಳೂ ಬಂದಿದ್ದಳು, ಬೆನ್ನು ಬಗ್ಗಿದ ಮುಖ್ಯಸ್ಥರೂ ಇದ್ದರು. ಎಲ್ಲ ಮುಗಿದ ಮೇಲೆ ಅಣ್ಣನೂ ನಾನೂ ಹಂಪನಕಟ್ಟೆಗೆ ಬಂದು ಬಸ್ಸಿಗೆ ಕಾಯುತ್ತ ನಿಂತೆವು. ಇಷ್ಟು ವರ್ಷ ಕೇಳದ ಒಂದು ಮಾತನ್ನು ಅಲ್ಲಿ ಕೇಳಿದೆ.

"ಅಮ್ಮನಿಗೆ ಹೇಳಿದ್ದು ಒಂದು ಚಾ ಕುಡಿಯುವಷ್ಟು ಹೊತ್ತಿನ ಮಾತು. ಮೇಡಂ ಹತ್ರ ನೀನು ಇಡೀ ಮಧ್ಯಾಹ್ನ ಕೂತಿದ್ದೆ. ಅಷ್ಟು ಹೊತ್ತು ಎಂತ ಹೇಳಿದ್ದು?"

ಅಣ್ಣ ರಸ್ತೆಯ ಕಡೆ ನೋಡಿದ. "ಅಮ್ಮನಿಗೆ ಹೇಳಿದ್ದು ಮಾವನ ವಿಷಯ," ಎಂದ. "ಮೇಡಂಗೆ ನನ್ನ ವಿಷಯವೂ ಹೇಳಿದ್ದೆ. ಆ ದಿನ ಬೋಟಿನಲ್ಲಿ ನಾನೂ ಇದ್ದೆನಲ್ಲ. ಅದು ಇಷ್ಟು ವರ್ಷ ಅವರ ಹತ್ರ ಇತ್ತು. ಇನ್ನು ಯಾರ ಹತ್ರವೂ ಇಲ್ಲ ಅಂತ ಬೆಳಿಗ್ಗೆಯಿಂದ ಅನಿಸ್ತಾ ಉಂಟು."

ಅವನ ಬಸ್ಸು ಬಂತು, ಹೋಯಿತು. ಅವನು ಹತ್ತಲಿಲ್ಲ. ನಾವು ಒಂದು ಮುಚ್ಚಿದ ಅಂಗಡಿಯ ಜಗಲಿಗೆ ಸರಿದು ಕೂತೆವು. ಅವನು ಎಲ್ಲ ಹೇಳಿದ. ನಾನು ನಡುವೆ ಮಾತಾಡಲಿಲ್ಲ. ಮುಗಿಸಿದ ಮೇಲೆ ಮುಖ ಒರೆಸಿಕೊಂಡು, "ಇಷ್ಟೇ," ಎಂದ.

"ಆಯ್ತು," ಎಂದೆ. "ನನ್ನ ಹತ್ರ ಇರ್ಲಿ."

ನಾನು ಬರೆಯುವವಳು ಎಂದು ಅವನಿಗೆ ಗೊತ್ತು. ಜಗಲಿಯಲ್ಲಿ ಹೇಳಿದ್ದನ್ನು ಬರೆಯಬೇಡ ಎಂದು ಅವನು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.